ಆರಿದ ನುಚ್ಚು

ಹೊಳೆಯ ಆಚೆ ದಡದ ಆಶ್ರಮದಲ್ಲಿ ಗುರುಗಳು ಬಟ್ಟಲು ಮುಟ್ಟಿದೊಡನೆ ನುಚ್ಚು ಅಮೃತವಾಯಿತೆಂದೂ ಸಾಯುತ್ತಿದ್ದವನು ಉಂಡು ಬದುಕಿದನೆಂದೂ ಈಗಲೂ ಹೇಳುವವರಿದ್ದಾರೆ.

ಅಮೃತದ ಮಾತು ಹಾಗಿರಲಿ. ನಡೆದದ್ದು ಇಷ್ಟು ಎಂದು ತೋರುತ್ತದೆ.

ಮಲ್ಲರಾಯನೆಂಬ ಹಿರಿಯ ಶಿಷ್ಯನಿಗೆ ದೀರ್ಘ ಜ್ವರ ಬಂದಿತ್ತು. ಜ್ವರ ಬಿಟ್ಟರೂ ಹಸಿವು ಮರಳಲಿಲ್ಲ. ತುಟಿಯ ಬಳಿ ತಂದದ್ದನ್ನೆಲ್ಲ ಆತ ಕೈಯಿಂದ ದೂಡುತ್ತಿದ್ದ.

ವೈದ್ಯರು ನಾಡಿ ನೋಡಿ ಹೊರಗೆ ಬಂದರು. ಅಡುಗೆಯ ಹೊಣೆ ಹೊತ್ತಿದ್ದ ಕಿರಿಯ ಶಿಷ್ಯ ಶಂಭುಲಿಂಗನನ್ನು ಪಕ್ಕಕ್ಕೆ ಕರೆದರು.

"ನನ್ನ ಔಷಧ ಮುಗಿಯಿತು. ಇನ್ನು ಅನ್ನವೇ ಔಷಧ. ಹೊತ್ತು ಮುಳುಗುವುದರೊಳಗೆ ಹೊಟ್ಟೆಗೆ ಏನೂ ಹೋಗದಿದ್ದರೆ ಮತ್ತೆ ನನ್ನನ್ನು ಕರೆಯಬೇಡಿ."

ಶಂಭುಲಿಂಗ ಹಾಸಿಗೆಯ ಬಳಿ ಕುಳಿತ.

"ಅಣ್ಣಾ, ಏನು ಮಾಡಿಕೊಡಲಿ?"

ಮಲ್ಲರಾಯ ಕಣ್ಣು ತೆರೆಯದೆಯೇ ಹೇಳಿದ. "ನುಚ್ಚು. ಜೋಳದ್ದು. ಮಜ್ಜಿಗಿ ಹಾಕಿದ್ದು. ಸಣ್ಣಾಂವಿದ್ದಾಗ ನಮ್ಮವ್ವ ಮಾಡ್ತಿದ್ಲು."

"ಅದಕ್ಕೆ ಏನೇನು ಹಾಕುತ್ತಿದ್ದರು?"

"ಏನು ಹಾಕ್ತಾಳೋ ತಮ್ಮಾ, ಮನ್ಯಾಗ ಏನಿತ್ತು? ಉಪ್ಪು. ಇದ್ದ ದಿನ ಬಳ್ಳೊಳ್ಳಿ ಒಗ್ಗರಣಿ. ಮ್ಯಾಲೆ ಬೈಗಳ. ಉಣ್ಣದಿದ್ರ ಕಾಗಿಗೆ ಹಾಕ್ತೀನಿ ಅಂತಿದ್ಲು."

ಆತನ ತುಟಿ ನಗುವಿನತ್ತ ಹೊರಟು ನಡುವೆಯೇ ನಿಂತಿತು.

ಶಂಭುಲಿಂಗ ಜೋಳ ಒಡೆದು, ಕೇರಿ, ನುಚ್ಚು ಬೇಯಿಸಿದ. ಮಜ್ಜಿಗೆ ಬೆರೆಸಿ ಬಟ್ಟಲಲ್ಲಿ ತಂದ.

ಆ ಆಶ್ರಮದಲ್ಲಿ ಒಂದು ನಿಯಮವಿತ್ತು. ಊಟ ಮುಂದೆ ಬಂದ ಮೇಲೆ ಕೈ ತೊಳೆಯುವವರೆಗೆ ಯಾರೂ ಮಾತನಾಡುವಂತಿಲ್ಲ. ಬಡಿಸುವವನು ಎಲೆಯನ್ನಷ್ಟೇ ನೋಡಬೇಕು, ಉಣ್ಣುವವನ ಮುಖವನ್ನಲ್ಲ. ಶಂಭುಲಿಂಗ ಈ ನಿಯಮವನ್ನು ಒಮ್ಮೆಯೂ ಮೀರಿದವನಲ್ಲ.

ಅವನು ತಲೆ ತಗ್ಗಿಸಿ ಬಟ್ಟಲು ಇಟ್ಟ. ಬಟ್ಟಲು ಹಾಗೆಯೇ ಉಳಿಯಿತು.

ತಾಮ್ರದ ಪಾತ್ರೆಯದೇ ದೋಷವಿರಬೇಕೆಂದು ಮಣ್ಣಿನ ಗಡಿಗೆಯಲ್ಲಿ ಮತ್ತೆ ಬೇಯಿಸಿದ. ಮಲ್ಲರಾಯ ಮುಖ ತಿರುಗಿಸಿದ.

ಬಿಸಿಲು ಇಳಿಯತೊಡಗಿತು.

ಆಶ್ರಮದ ಅಡುಗೆಗೆ ಬೆಳ್ಳುಳ್ಳಿ ನಿಷಿದ್ಧ. ಶಂಭುಲಿಂಗ ಅಂಬಿಗನ ಗುಡಿಸಲಿಗೆ ಓಡಿ, ಒಂದು ಗಡ್ಡೆ ಬೇಡಿ, ಪಂಚೆಯ ಮಡಿಲಲ್ಲಿ ಅಡಗಿಸಿ ತಂದ. ಒಗ್ಗರಣೆಯ ಘಮ ಅಂಗಳ ದಾಟಿತು. ಬಟ್ಟಲು ಇಟ್ಟು, ಕಣ್ಣೆತ್ತದೆ ಕಾದ.

ಮಲ್ಲರಾಯ ಗೋಡೆಯ ಕಡೆಗೆ ಹೊರಳಿದ. ಇದಲ್ಲ ಎಂಬಂತೆ ಕೈ ಆಡಿಸಿದ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಶಂಭುಲಿಂಗ ಏದುತ್ತ ಬಂದು ನಿಂತ.

"ಗುರುಗಳೇ, ಮಲ್ಲರಾಯಣ್ಣ ನನ್ನ ಕೈಯಲ್ಲೇ ಸಾಯುತ್ತಾರೆ."

"ಏನು ಬೇಕೆಂದ?"

"ತಾಯಿ ಮಾಡುತ್ತಿದ್ದ ಜೋಳದ ನುಚ್ಚು."

"ಬೆಳ್ಳುಳ್ಳಿಯ ವಾಸನೆ ಇಲ್ಲಿಯವರೆಗೂ ಬಂತು."

ಶಂಭುಲಿಂಗನ ತಲೆ ಬಾಗಿತು. "ತಪ್ಪಾಯಿತು."

"ಅದಕ್ಕೂ ಅವನು ಬಗ್ಗಲಿಲ್ಲವೋ?"

"ಇಲ್ಲ."

"ಅವನು ಹೇಳಿದ್ದನ್ನೆಲ್ಲ ಹಾಕಿದೆಯಾ?"

"ಎಲ್ಲವನ್ನೂ ಹಾಕಿದೆ."

"ಎಲ್ಲವನ್ನೂ?"

ಶಂಭುಲಿಂಗ ತಡವರಿಸಿದ. "ಇನ್ನೊಂದು ಮಾತು ಹೇಳಿದರು. ಅದು ಅಡುಗೆಗೆ ಸಂಬಂಧಿಸಿದ್ದಲ್ಲ. ತಾಯಿ ಬೈಯುತ್ತಿದ್ದರಂತೆ, ಉಣ್ಣದಿದ್ದರೆ ಕಾಗೆಗೆ ಹಾಕುತ್ತೇನೆಂದು."

ಗುರುಗಳು ಎದ್ದರು. ಊರುಗೋಲು ಮೆಟ್ಟಿಲ ಮೇಲೆಯೇ ಉಳಿಯಿತು.

ರೋಗಿಯ ಕೋಣೆಯ ಬಾಗಿಲಲ್ಲಿ ಶಿಷ್ಯರು ಗುಂಪುಗೂಡಿದ್ದರು. ಅವರಲ್ಲೊಬ್ಬ ಕಡೆಗಾಲದ ಮಂತ್ರವನ್ನು ಮೆಲ್ಲನೆ ಆರಂಭಿಸಿದ್ದ. ಗುರುಗಳು ಅವರನ್ನು ಸರಿಸಿ ಒಳಹೊಕ್ಕು ಬಟ್ಟಲನ್ನು ಎತ್ತಿಕೊಂಡರು. ನುಚ್ಚು ಆರಿ ಕೆನೆಗಟ್ಟಿತ್ತು.

"ಏ ಮಲ್ಲ್ಯಾ!"

ಮಂತ್ರ ನಿಂತಿತು.

"ಏನಲೇ ನಿನ್ನ ಸೊಕ್ಕು? ಹೊತ್ತು ಮುಳುಗಾಕ ಬಂತು, ಬಟ್ಟಲ ಇನ್ನೂ ಹಂಗ ಐತಿ! ಒಲಿ ಮುಂದ ಕುಂತು ಕಣ್ಣು ಸುಟಗೊಂಡಾಂವ ನಿನ್ನ ಆಳೇನು? ಬಾಯಿ ತಗೀತೀಯೋ, ಕಾಗಿಗೆ ಹಾಕ್ಲೋ?"

ಹಾಸಿಗೆಯಲ್ಲಿ ಚಲನೆಯಿರಲಿಲ್ಲ.

ಆಮೇಲೆ ಮಲ್ಲರಾಯ ಗೋಡೆಯಿಂದ ಈಚೆಗೆ ಹೊರಳಿದ. ಗುರುಗಳ ಮುಖವನ್ನೇ ದಿಟ್ಟಿಸಿದ.

"ಬಿಸಿ ಐತಿ," ಎಂದ, ಮುನಿಸಿಕೊಂಡ ದನಿಯಲ್ಲಿ.

ಗುರುಗಳು ಆರಿದ ನುಚ್ಚನ್ನು ಬೆರಳಲ್ಲಿ ತೆಗೆದು, ಊದಿ, ಊದಿ, ಅವನ ಬಾಯಿಗಿಟ್ಟರು.

ಗಂಟಲು ಅಲುಗಿತು. ತುತ್ತು ಇಳಿಯಿತು.

ಗುರುಗಳು ಮತ್ತೊಂದನ್ನು ಊದಿದರು.

"ಉಪ್ಪಿಲ್ಲ," ಎಂದ ಮಲ್ಲರಾಯ.

"ಸುಮ್ಮನ ಉಣ್ಣು."

ಬಟ್ಟಲಿನ ಅರ್ಧ ಮುಗಿದಾಗ ಆತ ನಿದ್ದೆಹೋದ. ಎದೆ ಸಮನಾಗಿ ಏರಿಳಿಯುತ್ತಿತ್ತು.

ಉಳಿದದ್ದನ್ನು ಶಂಭುಲಿಂಗ ಅಡುಗೆಮನೆಗೆ ಒಯ್ದು, ಯಾರೂ ಕಾಣದಂತೆ ನಾಲಗೆಗೆ ಹಚ್ಚಿ ನೋಡಿದ. ಅದು ಬರಿಯ ನುಚ್ಚು. ಉಪ್ಪು ನಿಜಕ್ಕೂ ಕಡಿಮೆಯಿತ್ತು.

ಗುರುಗಳು ಕೈ ತೊಳೆಯಲು ಬಂದರು. ಅವನು ನೀರು ಹಾಕಿದ.

"ಗುರುಗಳೇ, ಊಟದ ಮೌನ ಮುರಿಯಿತಲ್ಲ?"

"ಮುರಿಯಿತು. ಒಲೆ ಆರಿಸಬೇಡ. ಅವನು ಎಚ್ಚರಗೊಂಡರೆ ಮತ್ತೆ ಬೇಡವೆನ್ನುತ್ತಾನೆ. ಆಗ ನೀನು ಬೈಯಬೇಕು."

"ನಾನೇ? ನನಗೆ ಬೈಯಲು ಬಾರದು. ಇಲ್ಲಿಗೆ ಬಂದಾಗಿನಿಂದ ನಾನು ದನಿ ಎತ್ತಿದವನೇ ಅಲ್ಲ."

ಗುರುಗಳು ಹೊಸ್ತಿಲಲ್ಲಿ ನಿಂತು ತಿರುಗಿದರು.

"ನೀನು ಊಟ ಬೇಡವೆಂದಾಗ ನಿನ್ನವ್ವ ಏನನ್ನುತ್ತಿದ್ದಳು? ಅಲ್ಲಿಂದ ಶುರು ಮಾಡು."