ನಾರುವ ಗೊಬ್ಬರ, ನರಿಯ ಅವಸರ

ಒಂದು ಕಾಡಿನಲ್ಲಿ, ಗುಡ್ಡದ ಇಳಿಜಾರು ಮುಗಿಯುವಲ್ಲಿ, ಚಿಗುರವ್ವ ಎಂಬ ತಾಯಿಮೊಲ ಇದ್ದಳು. ಅವಳಿಗೆ ಐದು ಮರಿಗಳು, ಒಂದು ಗರಿಕೆ ಹುಲ್ಲಿನ ಅಂಗಳ. ಆ ವರ್ಷ ಹುಲ್ಲು ಯಾಕೋ ಸೊರಗಿತ್ತು. ಬೇಸಿಗೆಯೊಳಗೆ ಅದು ದಟ್ಟವಾಗದಿದ್ದರೆ ಮರಿಗಳಿಗೆ ಉಪವಾಸವೇ ಗತಿ. ಆದರೂ ಚಿಗುರವ್ವ ಹೆದರಿರಲಿಲ್ಲ. ಒಣಗಿದ ಎಲೆ, ಹಿಕ್ಕೆ, ಕಸ ಎಲ್ಲವನ್ನೂ ಗುಂಡಿಗೆ ಹಾಕಿ ಆರು ತಿಂಗಳು ಕೊಳೆಸಿದ್ದಳು. ಈಗ ಅದು ಕಪ್ಪಗೆ ಪುಡಿಪುಡಿಯಾಗಿತ್ತು. ಮಳೆಗಾಲದ ಕೊನೆಯ ದೊಡ್ಡ ಮಳೆ ಹೋಗಲಿ, ಆಮೇಲೆ ಹಾಕೋಣ ಎಂದು ಕಾದಿದ್ದಳು.

ಇಳಿಜಾರಿನ ಮೇಲೆ ಕೆಂಚಣ್ಣ ಎಂಬ ನರಿ ಸೌತೆಬಳ್ಳಿ ಹಾಕಿದ್ದ. ಏಡಿ ಸಿಗದ ದಿನ ಅವನಿಗೆ ಸೌತೆಕಾಯೇ ಊಟ. ಮೊಲದ ಗುಂಡಿಯ ಮೇಲೆ ಅವನ ಕಣ್ಣು ಬಿತ್ತು. ಕಾಡುಕೋಳಿಗಳು ಮಲಗುವ ಮರದ ಬುಡದಿಂದ ಹಸಿ ಹಿಕ್ಕೆ ಬಳಿದು ಬುಟ್ಟಿಗಳಲ್ಲಿ ತುಂಬಿಕೊಂಡು ಬಂದ.

"ಅಕ್ಕಾ, ನಿನ್ನ ಗೊಬ್ಬರದಲ್ಲಿ ವಾಸನೆಯೇ ಇಲ್ಲವಲ್ಲ. ವಾಸನೆ ಹೋಯಿತೆಂದರೆ ಸತ್ವವೂ ಹೋದಂತೆ. ಇದನ್ನು ಮೂಸಿ ನೋಡು."

ಚಿಗುರವ್ವ ಮೂಸಿದಳು. ಕಣ್ಣಲ್ಲಿ ನೀರು ಬಂತು.

"ಬಲು ಘಾಟು ಅಣ್ಣಾ."

"ಅದೇ ಅದರ ಶಕ್ತಿ! ಎಂಟೇ ದಿನದಲ್ಲಿ ಹುಲ್ಲು ನಿನ್ನ ಕಿವಿ ಮುಟ್ಟುತ್ತದೆ. ನೆರೆಯವಳೆಂದು ನಿನ್ನ ಗೊಬ್ಬರಕ್ಕೆ ಬದಲಾಗಿ ಕೊಡುತ್ತಿದ್ದೇನೆ, ಬೇರೆಯವರಿಗೆ ಕೊಡುತ್ತಿರಲಿಲ್ಲ."

ಎಂಟು ದಿನ ಎಂದ ಕೂಡಲೇ ತಾಯಿಯ ಮನಸ್ಸು ಸೋತಿತು. ಗುಂಡಿ ಖಾಲಿಯಾಯಿತು, ನರಿಯ ಬುಟ್ಟಿಗಳಿಂದ ಅಂಗಳ ನಾರತೊಡಗಿತು.

ಆದರೆ ಹೊಸ ಗೊಬ್ಬರ ಬಂದರೆ ಮೊದಲು ಮೂಲೆಗೆ ಒಂದು ಹಿಡಿ ಹಾಕಿ ನೋಡುವುದು ಅವಳ ಅಜ್ಜಿಯಿಂದ ಬಂದ ರೂಢಿ. ಹಾಗೇ ಮಾಡಿದಳು. ಮೂರನೆಯ ದಿನ ಆ ಮೂಲೆಯ ಹುಲ್ಲು ಹಳದಿಯಾಗಿ ಸುಟ್ಟುಹೋಗಿತ್ತು. ಚಿಗುರವ್ವ ಗುಡ್ಡ ಹತ್ತಿ ಓಡಿದಳು.

ನರಿ ಅಷ್ಟೂ ಗೊಬ್ಬರವನ್ನು ಬಳ್ಳಿಗಳ ಬುಡಕ್ಕೆ ಒಂದೇ ಸಲಕ್ಕೆ ಸುರಿದು ಕೈ ಕೊಡವುತ್ತಿದ್ದ. ಮೇಲೆ ಕಪ್ಪು ಮೋಡ ಕಟ್ಟಿತ್ತು.

"ಅಣ್ಣಾ, ನಿನ್ನ ಗೊಬ್ಬರ ಹುಲ್ಲು ಸುಡುತ್ತಿದೆ. ನನ್ನದನ್ನು ವಾಪಸ್ ಕೊಡು."

"ಮೂಸಿ ನೋಡಿಯೇ ತೆಗೆದುಕೊಂಡೆ ತಾನೆ?" ಎಂದು ನರಿ ಹಲ್ಲು ಕಿರಿದ.

ಚಿಗುರವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಆದರೂ ಒಳ್ಳೆಯ ಗೊಬ್ಬರ ಹಾಳಾಗುವುದನ್ನು ನೋಡಲಾರದೆ, "ಅದರ ಮೇಲೆ ಮಣ್ಣಾದರೂ ಮುಚ್ಚು. ದೊಡ್ಡ ಮಳೆ ಬರುತ್ತಿದೆ, ಎಲ್ಲ ಕೊಚ್ಚಿಕೊಂಡು ಹೋಗುತ್ತದೆ" ಎಂದಳು.

"ಬರಲಿ ಬಿಡು. ನೀರು ಹಾಕುವ ಕೆಲಸ ತಪ್ಪಿತು." ನರಿ ಬಾಲ ಸುತ್ತಿಕೊಂಡು ಮಲಗಿದ.

ಮನೆಗೆ ಬಂದು ಚಿಗುರವ್ವ ಹಸಿ ಹಿಕ್ಕೆಯನ್ನೆಲ್ಲ ಗುಂಡಿಗೆ ತಳ್ಳಿ ಒಣಗಿದ ಎಲೆ ಮುಚ್ಚಿದಳು. ಇದ್ದ ಮಣ್ಣಾದರೂ ಉಳಿಯಲಿ ಎಂದು ಮರಿಗಳನ್ನು ಕೂಡಿಸಿಕೊಂಡು ಅಂಗಳದ ಕೆಳಬದಿಗೆ ಬದು ಕಟ್ಟಿದಳು. ಅಷ್ಟರಲ್ಲಿ ಮಳೆ ಶುರುವಾಯಿತು. ಅಬ್ಬಬ್ಬಾ, ಗುಡ್ಡದ ನೀರೆಲ್ಲ ಕಪ್ಪಗೆ ಹರಿದು ಬಂದು ಬದುವಿಗೆ ತಡೆದು ನಿಂತಿತು.

ಬೆಳಿಗ್ಗೆ ನೀರು ಇಂಗಿತ್ತು. ಹುಲ್ಲಿನ ಬುಡದಲ್ಲೆಲ್ಲ ಕಪ್ಪು ಪುಡಿ ತೆಳ್ಳಗೆ ಹರಡಿತ್ತು. ಮೂಸಿದಳು. ನಾತವೇ ಇಲ್ಲ, ತನ್ನ ಗುಂಡಿಯದೇ! ಚಿಗುರವ್ವ ಬಿದ್ದು ಬಿದ್ದು ನಕ್ಕಳು.

ತಿಂಗಳೊಳಗೆ ಗರಿಕೆ ಹಚ್ಚಗೆ ದಟ್ಟವಾಯಿತು. ಮರಿಗಳು ಹೊಟ್ಟೆತುಂಬ ಮೇಯ್ದು ಅದರಲ್ಲೇ ಉರುಳಾಡಿದವು. ಆಗ ನರಿ ಬಂದ. ಮಳೆಗೆ ಮಣ್ಣು ಜಾರಿ ಅವನ ಬಳ್ಳಿಯ ಬೇರು ಹೊರಬಿದ್ದಿತ್ತು. ಬಿಟ್ಟದ್ದು ಎರಡು ಸೌತೆಕಾಯಿ, ಅವೂ ಕಹಿ.

"ಅಕ್ಕಾ, ನನ್ನ ಗೊಬ್ಬರ ನಿನ್ನ ಅಂಗಳಕ್ಕೆ ಬಂತು. ಒಂದು ಬುಟ್ಟಿಯಾದರೂ ಕೊಡು" ಎಂದು ಮೆಲ್ಲಗೆ ಕೇಳಿದ.

"ನೀನು ತಂದದ್ದು ಗುಂಡಿಯಲ್ಲಿ ಭದ್ರವಾಗಿದೆ ಅಣ್ಣಾ," ಎಂದಳು ಚಿಗುರವ್ವ. "ಇನ್ನೂ ಐದು ತಿಂಗಳು ಮಾಗಲಿ. ವಾಸನೆ ಪೂರ್ತಿ ಹೋದ ಮೇಲೆ ಬಾ, ಕೊಡುತ್ತೇನೆ."

ಮಾಡಿದ್ದುಣ್ಣೋ ಮಹಾರಾಯ! ನರಿ ಬಾಲ ಮುದುರಿಕೊಂಡು ಗುಡ್ಡ ಹತ್ತಿದ.

ನೀತಿ: ಗೊಬ್ಬರ ಮಾಗಬೇಕು, ಹಾಕುವವರು ಹೊತ್ತು ನೋಡಬೇಕು, ಮೋಸದಿಂದ ಪಡೆದದ್ದು ಒಂದೇ ಮಳೆಗೆ ಹರಿದುಹೋಗುತ್ತದೆ.