ಗಡುವು ತಪ್ಪಿಸಿದ ಕತ್ತೆ

ತಂಗಿಯ ಮದುವೆಗೆಂದು ಕತ್ತೆಯೊಂದು ನವಿಲಿನ ಬಾಲವನ್ನು ಕಡ ತಂದಿತು. ಹುಣ್ಣಿಮೆಗೆ ಹಿಂದಿರುಗಿಸುವ ಮಾತಾಗಿತ್ತು. ಆದರೆ ಕೆರೆಯ ನೀರಿನಲ್ಲಿ ತನ್ನ ಅಂದ ನೋಡುತ್ತ ನಿಂತು ಗಡುವನ್ನೇ ಮರೆಯಿತು. ಮರುದಿನ ಓಡಿಹೋಗಿ ಬಾಲ ಒಪ್ಪಿಸಿ ಕ್ಷಮೆ ಕೇಳಿತು.

ಅಷ್ಟರಲ್ಲಿ, ಕಾಡಿಗೆಲ್ಲ ಸುದ್ದಿ ಸಾರುವ ಗೊರವಂಕ "ಕತ್ತೆ ಗಡುವು ತಪ್ಪಿಸಿತು!" ಎಂದು ಕೂಗತೊಡಗಿತ್ತು. ಮಳೆ ಹಿಡಿದಾಗ ಕತ್ತೆ ಕೊಡೆಗೆಂದು ಆನೆಯ ಕಿವಿಯನ್ನು ಕಡ ಕೇಳಿದರೆ ಆನೆ ಮುಖ ತಿರುಗಿಸಿತು.

ಕತ್ತೆ ತೊಯ್ದು ನಡುಗುತ್ತ, "ಬಾಲ ಕೊಟ್ಟಾಯಿತಲ್ಲ, ಇನ್ನೂ ಏಕೆ ಕೂಗುತ್ತೀ?" ಎಂದಿತು.

"ನಡೆದದ್ದನ್ನು ಅಳಿಸಲಾರೆ. ಬೇರೆ ಏನಾದರೂ ನಡೆಸಿ ತೋರಿಸು, ಅದನ್ನೂ ಕೂಗುತ್ತೇನೆ," ಎಂದಿತು ಗೊರವಂಕ.

ಕತ್ತೆ ನವಿಲನ್ನು ಕಾಡಿ ಬೇಡಿ, ನೊಣ ಓಡಿಸಲು ದಿನಕ್ಕೊಂದು ಗರಿ ಪಡೆದು ಸಂಜೆಯೊಳಗೆ ಹಿಂದಿರುಗಿಸತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ "ಕತ್ತೆ ಮಾತಿಗೆ ತಪ್ಪದು!" ಎಂಬ ಕೂಗು ಕಾಡು ತುಂಬಿತು. ಅದನ್ನು ಕೇಳಿ ಹುಲಿಯೇ ಹುಡುಕಿಕೊಂಡು ಬಂದಿತು.

"ನಾಳೆ ಊಟದ ಹೊತ್ತಿಗೆ ನನ್ನ ಗವಿಗೆ ಬರುತ್ತೇನೆಂದು ಮಾತು ಕೊಡು. ನೀನು ಮಾತು ಕೊಟ್ಟರೆ ನಾನು ಬೇಟೆಗೆ ಅಲೆಯಬೇಕಿಲ್ಲ."

ಕತ್ತೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. "ಒಡೆಯಾ, ಮಾತು ಉಳಿಸಿಕೊಳ್ಳುವವರು ಕೊಡುವ ಮುನ್ನವೇ ಯೋಚಿಸುತ್ತಾರೆ. ಈ ಮಾತು ಕೊಡಲಾರೆ," ಎಂದು ವಿನಯದಿಂದ ಹೇಳಿ, ಓಟ ಕಿತ್ತಿತು.