ದಾಟದ ಹಳ್ಳ

ಕಗ್ಗಲಪಾಳ್ಯಕ್ಕೆ ಹೋಗುವ ಬಸ್ಸು ಊರು ಇನ್ನೂ ಅರ್ಧ ಮೈಲಿ ಇರುವಾಗಲೇ ಒಂದು ಮೋರಿಯನ್ನು ಹಾದುಹೋಗುತ್ತದೆ. ಮೋರಿಯ ಪಕ್ಕದ ಹಳದಿ ಫಲಕದ ಮೇಲೆ 'ದಾಟದ ಹಳ್ಳ' ಎಂದು ಬರೆದಿದೆ. ಹೊಸಬರು ಅದನ್ನು ಓದಿ, ಕಿಟಕಿಯಿಂದ ಬಗ್ಗಿ ನೋಡಿ ನಗುತ್ತಾರೆ. ನಗು ಬರುವುದು ಸಹಜವೇ. ವರ್ಷದ ಎಂಟು ತಿಂಗಳು ಅಲ್ಲಿ ಮರಳು, ಉಳಿದ ನಾಲ್ಕು ತಿಂಗಳು ಎಮ್ಮೆಯ ಗೊರಸು ಮುಳುಗುವಷ್ಟು ನೀರು. ಅಪರೂಪಕ್ಕೊಮ್ಮೆ ತೋಳನಗುಡ್ಡದ ಮೇಲೆ ಜೋರು ಮಳೆಯಾದರೆ ಮೊಣಕಾಲಿಗೆ ಬಂದೀತು. ಅದರಾಚೆ ಕುಸಿದುಬಿದ್ದ ಎರಡು ಸುಣ್ಣ ಸುಡುವ ಗೂಡುಗಳಿವೆ, ಅವುಗಳ ಬಾಯಲ್ಲಿ ಲಂಟಾನ ಬೆಳೆದಿದೆ. ಇಂಥ ಹಳ್ಳವನ್ನು ದಾಟದವರು ಯಾರಪ್ಪಾ ಎಂದು ಕೇಳಿದರೆ ಪಾಳ್ಯದವರು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಬಂದವರ ಊರು ಕೇರಿ ವಿಚಾರಿಸುತ್ತಾರೆ, ಕಾಫಿ ಕುಡಿಸುತ್ತಾರೆ. ಊರಿನ ಮಾನದ ವಿಷಯ, ನಿಂತ ಕಾಲಿನಲ್ಲಿ ಹೇಳುವಂಥದ್ದಲ್ಲ.

ಈ ಸೀಮೆಗೆ ಇನ್ನೂ ರೈಲು ಬಂದಿರದ ಹಿಂದಿನ ಕಾಲದಲ್ಲಿ ಒಮ್ಮೆ ಈ ಪಾಳ್ಯದ ನಲವತ್ತು ಕ್ರೈಸ್ತ ಮನೆಗಳಿಗೆ ಇನ್ನಾಸಪ್ಪನೆಂಬವನು ಉಪದೇಶಿಯಾಗಿದ್ದನು. ಗುರುಗಳು ಬರುತ್ತಿದ್ದುದು ವರ್ಷಕ್ಕೊಂದು ಸಲ, ಪಾಸ್ಕ ಹಬ್ಬದ ಮುಂಚಿನ ವಾರ, ತಟ್ಟುಕುದುರೆಯ ಮೇಲೆ. ಅವರು ಪರದೇಶದವರು, ಉದ್ದ ಗಡ್ಡದವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಅವರಿಲ್ಲದ ಉಳಿದ ದಿನಗಳಲ್ಲಿ ಜಪ ಹೇಳಿಸುವವನು, ಸತ್ತವರನ್ನು ಮಣ್ಣುಮಾಡಿಸುವವನು, ಗಂಡಹೆಂಡಿರ ಜಗಳ ಬಿಡಿಸುವವನು ಎಲ್ಲವೂ ಇನ್ನಾಸಪ್ಪನೇ. ಅವನ ನೆನಪಿನ ಶಕ್ತಿ ಅಂಥಿಂಥದ್ದಲ್ಲ. ಜಪಗಳೆಲ್ಲ ಬಾಯಲ್ಲಿ, ಸಂತರ ಹಬ್ಬಗಳೆಲ್ಲ ಬೆರಳ ತುದಿಯಲ್ಲಿ. ಆ ಶಕ್ತಿಯ ಮೇಲೆ ಅವನಿಗೆ ಸ್ವಲ್ಪ ಹೆಚ್ಚೇ ಮಮಕಾರವಿತ್ತು ಎನ್ನುತ್ತಾರೆ. ಕ್ರೈಸ್ತರಾಗಲು ಜ್ಞಾನಸ್ನಾನ ಬೇಡುವವರು ಗುರುಗಳ ಎದುರಿಗೆ, ದೇವಾಲಯದ ಮೆಟ್ಟಿಲ ಮೇಲೆ ನಿಂತು ನಾಲ್ಕು ಜಪಗಳನ್ನು ಒಂದಕ್ಷರ ಎಡವದೆ ಒಪ್ಪಿಸಬೇಕೆಂಬ ಕಟ್ಟಳೆ ಅವನದೇ. ಗುರುಗಳು ಅಷ್ಟು ಕೇಳಿರಲಿಲ್ಲ. ಕೇಳಿದ್ದ ಇನ್ನೊಂದು ಮಾತನ್ನು ಅವನು ನಡೆಸಿರಲಿಲ್ಲ. ಪ್ರಾಣಾಪಾಯದಲ್ಲಿರುವವರಿಗೆ ಯಾರು ಬೇಕಾದರೂ, ಕ್ರೈಸ್ತನಲ್ಲದವನು ಕೂಡ, ತಲೆಯ ಮೇಲೆ ನೀರು ಹೊಯ್ದು ಪಿತನ, ಸುತನ, ಪವಿತ್ರಾತ್ಮನ ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದು, ಇದನ್ನು ಮನೆಮನೆಗೂ ಕಲಿಸು ಎಂದಿದ್ದರು. ಎಲ್ಲರಿಗೂ ಆಗುವುದಾದರೆ ಉಪದೇಶಿ ಯಾಕೆ ಎಂದು ಜನ ಕೇಳಿಯಾರು ಅನ್ನಿಸಿ, ಇಂದು ಕಲಿಸೋಣ ನಾಳೆ ಕಲಿಸೋಣ ಎಂದು ಅವನು ಸುಮ್ಮನಾಗಿಬಿಟ್ಟಿದ್ದನು.

ಹಳ್ಳದ ಆಚೆ, ಹೊಗೆ ಊರಿಗೆ ಬಾರದಷ್ಟು ದೂರದಲ್ಲಿ, ಸಣ್ಣೀರನೆಂಬ ಸುಣ್ಣ ಸುಡುವವನೂ ಅವನ ಹೆಂಡತಿ ಹೊನ್ನಿಯೂ ಗೂಡಿನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡಿದ್ದರು. ದೇವಾಲಯದ ಗೋಡೆಗೆ ಸುಣ್ಣ ಹೊತ್ತು ತಂದವಳು ಹೊನ್ನಿ. ತಂದ ಪುಟ್ಟಿಯನ್ನು ಇಳಿಸಿ ಬಾಗಿಲ ಹೊರಗೆ ಕೂತು ಒಳಗಿನ ಜಪ ಕೇಳುವುದು ಅವಳಿಗೆ ರೂಢಿಯಾಯಿತು. ಕೇಳಿಸಿಕೊಂಡದ್ದನ್ನು ಗಂಡನಿಗೂ ಹೇಳುತ್ತಿದ್ದಳು. ಪಾಪಿಗಳಿಗಾಗಿ ಸತ್ತ ದೇವರು ಇದ್ದಾನಂತೆ, ಅವನ ಹತ್ತಿರ ಹೋಗೋಣ ಅನ್ನುತ್ತಿದ್ದಳು. ಮುಂದಿನ ಪಾಸ್ಕಕ್ಕೆ ಇಬ್ಬರೂ ಜ್ಞಾನಸ್ನಾನ ಪಡೆಯುವುದೆಂದು ಮಾತಾಗಿತ್ತು. ಅಷ್ಟರಲ್ಲಿ ವಾಂತಿಭೇದಿ ಬಂತು.

ಆ ವಾರ ಇನ್ನಾಸಪ್ಪ ಮೂರು ಹೆಣ ಹೊತ್ತಿದ್ದನು, ಈ ಮಾತನ್ನೂ ಹೇಳದೆ ಬಿಡಬಾರದು. ನಾಲ್ಕನೆಯ ದಿನ ಬೆಳಗ್ಗೆ ಅವನ ಹೆಂಡತಿ ಹಸುಗೂಸನ್ನು ಎದೆಗೊತ್ತಿಕೊಂಡು ಹೊಸಲಿನ ಮೇಲೆ ಕೂತು, ಇನ್ನು ಹೋಗಬೇಡಿ ಎಂದು ಅತ್ತಳು. ಅದೇ ಹೊತ್ತಿಗೆ ಹಳ್ಳದ ಆಚೆ ದಡದಿಂದ ಸಣ್ಣೀರ ಕೂಗುವುದು ಕೇಳಿಸಿತು. ಇನ್ನಾಸಪ್ಪ ದಡದವರೆಗೆ ಹೋದನು. ಹೊನ್ನಿಗೆ ಕೈಕಾಲು ತಣ್ಣಗಾಗಿವೆ, ಜ್ಞಾನಸ್ನಾನ ಜ್ಞಾನಸ್ನಾನ ಅಂತ ಅದೊಂದನ್ನೇ ಕೇಳುತ್ತಿದ್ದಾಳೆ, ಬನ್ನಿ ಎಂದು ಅವನು ಕೈಮುಗಿದು ಕರೆದನು. ಗುಡ್ಡದ ಮಳೆಗೆ ಹಳ್ಳದಲ್ಲಿ ಕೆಂಪುನೀರು ಬಂದಿತ್ತು. ಮೊಣಕಾಲಿಗಿಂತ ಒಂದು ಗೇಣೂ ಹೆಚ್ಚಿರಲಿಲ್ಲ. ಇನ್ನಾಸಪ್ಪ ನೀರನ್ನು ನೋಡಿದನು, ಹೊಸಲಿನ ಮೇಲೆ ಕೂತವರನ್ನು ನೆನೆದನು. "ಹಳ್ಳ ಇಳೀಲಿ ಸಣ್ಣೀರಾ, ಬತ್ತೀನಿ" ಎಂದನು. ಎಂದವನು ಹೊಂಗೆಮರದ ಮರೆಗೆ ಸರಿದು ನಿಂತನು. ನೀನೇ ನೀರು ಹೊಯ್ಯಿ, ಹೀಗೆ ಹೇಳು ಎಂದು ಆ ದಡಕ್ಕೆ ಕೂಗಿದ್ದರೂ ಆಗುತ್ತಿತ್ತು. ಅದು ಅವನಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಕೂಗಿದರೆ, ಇಷ್ಟು ಸುಲಭದ್ದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಏಳುತ್ತದಲ್ಲ ಎಂದು ನಾಲಿಗೆ ಹಿಂದೆಗೆಯಿತು. ಸಣ್ಣೀರ ಇನ್ನಷ್ಟು ಹೊತ್ತು ಕೂಗಿ ಗುಡಿಸಲಿಗೆ ಓಡಿದನು. ಇನ್ನಾಸಪ್ಪ ಮನೆಗೆ ಹೋದನು. ಹೊನ್ನಿ ಮಧ್ಯಾಹ್ನದೊಳಗೆ ತೀರಿಕೊಂಡಳು.

ಮಾರನೆಯ ದಿನ ಸಣ್ಣೀರ ಹೆಣವನ್ನು ಹೆಗಲ ಮೇಲೆ ಹೊತ್ತು ಹಳ್ಳ ದಾಟಿ ಬಂದಾಗ, ಊರಗೌಡ ಚೌರಪ್ಪನು ಇವಳನ್ನು ಎಲ್ಲಿ ಮಣ್ಣುಮಾಡುವುದು, ಸಮಾಧಿಭೂಮಿಯ ಬೇಲಿಯ ಒಳಗೋ ಹೊರಗೋ ಎಂದು ಕೇಳಿದನು. ಸ್ನಾನವಾಗದವರಿಗೆ ಒಳಗೆ ಜಾಗವಿರಲಿಲ್ಲ. ಎಲ್ಲರೂ ಉಪದೇಶಿಯ ಮುಖ ನೋಡಿದರು. ಆಗ ಇನ್ನಾಸಪ್ಪ, ನಿನ್ನೆ ನಾನೇ ಹೋಗಿ ಜ್ಞಾನಸ್ನಾನ ಕೊಟ್ಟೆ, ಮದಲೇನಮ್ಮ ಎಂದು ಹೆಸರಿಟ್ಟೆ, ಒಳಗೇ ಇಡಿ ಎಂದುಬಿಟ್ಟನು. ಅದು ಹೊನ್ನಿಯ ಮೇಲಿನ ಕರುಣೆಯೋ ತನ್ನ ಮುಖ ಉಳಿಸಿಕೊಳ್ಳುವ ಆಸೆಯೋ ಅವನಿಗೇ ತಿಳಿಯಲಿಲ್ಲ. ಸಣ್ಣೀರ ಹೆಣದ ಭಾರದಡಿಯಿಂದ ತಲೆಯೆತ್ತಿ ಅವನನ್ನು ಒಮ್ಮೆ ನೋಡಿದನು. ಹೆಣವನ್ನು ಬೇಲಿಯ ಒಳಗೆ ಹೊತ್ತು ನಡೆದನು.

ಮುಂದಿನ ಪಾಸ್ಕಕ್ಕೆ ಸಣ್ಣೀರ ಒಬ್ಬನೇ ಮೆಟ್ಟಿಲೇರಿದನು. ನಾಲ್ಕು ಜಪಗಳಲ್ಲಿ ಮೊದಲನೆಯದಾದ ಪರಲೋಕ ಮಂತ್ರವನ್ನು ಚೆನ್ನಾಗಿಯೇ ಹೇಳುತ್ತ, "ನಮಗೆ ತಪ್ಪು ಮಾಡಿದವರನ್ನು" ಎಂಬಲ್ಲಿಗೆ ಬಂದು ನಿಂತನು. ಅದರ ಮುಂದೆ ನಾವು ಕ್ಷಮಿಸುವಂತೆ ಎಂದಿದೆ. ಅದು ಬಾಯಿಂದ ಹೊರಡಲಿಲ್ಲ. ಕಟ್ಟಳೆ ಕಟ್ಟಳೆಯೇ, ಸ್ನಾನವಾಗಲಿಲ್ಲ. ಎರಡನೆಯ ವರ್ಷವೂ ಅಲ್ಲೇ ನಿಂತನು, ಮೂರನೆಯ ವರ್ಷವೂ ಅಲ್ಲೇ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಸುಣ್ಣದ ಘಾಟಿಗೆ ಇವನ ತಲೆ ಸುಟ್ಟಿದೆ ಎಂದು ಗಂಡಸರು ಆಡಿಕೊಂಡರು. ಇನ್ನಾಸಪ್ಪನೂ ಭಾನುವಾರಗಳಂದು ಅವನನ್ನು ಮುಂದೆ ಕೂರಿಸಿ, ಮಕ್ಕಳ ಎದುರಿಗೇ ಆ ಒಂದು ಸಾಲನ್ನು ಹತ್ತು ಸಲ, ಇಪ್ಪತ್ತು ಸಲ ಹೇಳಿಕೊಡುತ್ತಿದ್ದನು. ಸಣ್ಣೀರ ತಲೆತಗ್ಗಿಸಿ ಕೇಳುತ್ತಿದ್ದನು. ಈ ದಡ್ಡತನ ಇನ್ನಾಸಪ್ಪನಿಗೆ ಒಳಗೊಳಗೇ ಒಂದು ಸಮಾಧಾನ ಕೊಡುತ್ತಿತ್ತು. ಇಷ್ಟು ಮಂದಬುದ್ಧಿಯವನು ಆ ದಿನದ ಸಂಗತಿಯನ್ನು ಮರೆತೇ ಇರಬೇಕು ಎಂದುಕೊಳ್ಳುತ್ತಿದ್ದನು.

ಐದನೆಯ ವರ್ಷ, ಗುರುಗಳು ಬರುವ ಮುನ್ನಾದಿನ, ಇನ್ನಾಸಪ್ಪ ತಾನಾಗಿ ಸುಣ್ಣದ ಗೂಡಿನ ಹತ್ತಿರ ಹೋದನು. ಆಗ ಹಳ್ಳದಲ್ಲಿ ಬರೀ ಮರಳಿತ್ತು. ಸಣ್ಣೀರ ಗೂಡಿಗೆ ಕಲ್ಲು ತುಂಬುತ್ತಿದ್ದನು. ಈ ಸಲವಾದರೂ ಒಪ್ಪಿಸಿಬಿಡೋ, ನೀನು ಕಲಿಯದಿದ್ದರೆ ಕಲಿಸಿದವನಿಗೂ ಕೆಟ್ಟ ಹೆಸರು ಎಂದು ಇನ್ನಾಸಪ್ಪ ಗದರಿದನು. ಸಣ್ಣೀರ ಕೈಯ ಧೂಳು ಕೊಡವಿ ಎದ್ದು ನಿಂತನು.

"ಬತ್ತದೆ ಉಪದೇಶಿಗಳೆ, ಪೂರ್ತಿ ಬತ್ತದೆ. ಹೊನ್ನಿ ಇದ್ದಾಗ್ಲೇ ಕಲ್ತಿದ್ದೆ" ಎಂದನು. "ನಿಮ್ಮನ್ನ ಕ್ಷಮ್ಸೋಕೆ ಆಗಿಲ್ಲ. ಆಗ್ದೇ ಇರೋದನ್ನ ಆಗ್ಯದೆ ಅಂತ ದೇವ್ರ ಮುಂದೆ ಹೆಂಗೆ ಹೇಳ್ಲಿ?"

ಹಾಗಾದರೆ ಇಷ್ಟು ವರ್ಷ ನನ್ನ ಹೆಸರನ್ನು ಯಾಕೆ ಹೇಳಲಿಲ್ಲ ಎಂದು ಇನ್ನಾಸಪ್ಪ ತೊದಲಿದನು. ಹೇಳಿದರೆ ಹೊನ್ನಿಯನ್ನು ಅಗೆದು ಬೇಲಿಯಾಚೆ ಹಾಕುತ್ತಿದ್ದರಲ್ಲ ಎಂದು ಸಣ್ಣೀರ ಮತ್ತೆ ಕಲ್ಲಿನ ಕಡೆ ಬಾಗಿದನು. ಇನ್ನಾಸಪ್ಪ ಮರಳು ದಾಟಿ ಮನೆಗೆ ಬಂದನು. ಆ ದಿನ ಅನ್ನ ಸೇರಲಿಲ್ಲ. ಮಕ್ಕಳ ಎದುರಿಗೆ ಆ ಸಾಲನ್ನು ಇಪ್ಪತ್ತು ಸಲ ಯಾರಿಗೆ ಹೇಳಿಕೊಟ್ಟೆ ಎಂಬುದನ್ನು ನೆನೆದಾಗಲೆಲ್ಲ ಅವನ ಮೈ ನಾಚಿಕೆಯಿಂದ ಕುಗ್ಗುತ್ತಿತ್ತು. ಹೆಂಡತಿ ಏನಾಯಿತು ಎಂದು ಕೇಳಿದರೆ ಅವಳ ಮುಖ ನೋಡಲಾಗಲಿಲ್ಲ.

ಮಾರನೆಯ ದಿನ ಸಣ್ಣೀರ ಮೆಟ್ಟಿಲೇರಿದನು. ಪಕ್ಕದಲ್ಲಿ ಎಂದಿನಂತೆ ಇನ್ನಾಸಪ್ಪ, ಎದುರಿಗೆ ಕುರ್ಚಿಯ ಮೇಲೆ ಗುರುಗಳು, ಅಂಗಳದ ತುಂಬ ಜನ. ಜಪ ಆ ಸಾಲಿಗೆ ಬಂತು, ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಸಣ್ಣೀರ ಮೆಟ್ಟಿಲಿಳಿಯಲು ತಿರುಗಿದಾಗ ಇನ್ನಾಸಪ್ಪ ಅವನ ಮೊಣಕೈ ಹಿಡಿದು ನಿಲ್ಲಿಸಿದನು. "ಇವನಿಗೆ ಬರುತ್ತೆ ಸ್ವಾಮಿ. ಬಾರದೆ ಇರೋನು ನಾನು" ಎಂದನು. ಅಲ್ಲಿಂದ ಮುಂದೆ ಎಲ್ಲವನ್ನೂ ಹೇಳಿದನು. ಮೊಣಕಾಲುದ್ದದ ನೀರು, ಹೊಂಗೆಮರದ ಮರೆ, ಹೆಣದ ಮುಂದೆ ಆಡಿದ ಸುಳ್ಳು, ಊರಿಗೆ ಕಲಿಸದೆ ಮುಚ್ಚಿಟ್ಟುಕೊಂಡ ವಿಷಯ, ಯಾವುದನ್ನೂ ಬಿಡಲಿಲ್ಲ. ನಕ್ಕಿದ್ದವರು ನೆಲ ನೋಡಿದರು. ಐದು ವರ್ಷ ತಾವು ನಕ್ಕದ್ದು ಯಾವುದಕ್ಕೆ ಎಂಬುದು ಅವರಿಗೆ ಆಗ ಗೊತ್ತಾಯಿತು.

ಚೌರಪ್ಪ ಕೆಟ್ಟವನಲ್ಲ, ಕಟ್ಟಳೆಯವನು. ಹಾಗಾದರೆ ಆ ಹೆಂಗಸನ್ನು ಬೇಲಿಯ ಹೊರಗೆ ಸಾಗಿಸಬೇಕಾಗುತ್ತದಲ್ಲ ಎಂದು ಅನುಮಾನಿಸುತ್ತಲೇ ಹೇಳಿದನು. ಆ ಮಾತಿಗೆ ಸಣ್ಣೀರ ಓಡಿಹೋಗಿ ಸಮಾಧಿಯ ಮೇಲೆ ಕೈಚಾಚಿ ಬೋರಲಾಗಿ ಮಲಗಿಬಿಟ್ಟನು. ಗುರುಗಳು ಎದ್ದು ಅಲ್ಲಿಗೇ ನಡೆದುಹೋಗಿ, ಮಣ್ಣಿನಲ್ಲಿ ಅವನ ಪಕ್ಕ ಕೂತು, ಆ ದಿನ ಉಪದೇಶಿ ಬಾರದ ಮೇಲೆ ಏನಾಯಿತೆಂದು ಮೆಲ್ಲಗೆ ಕೇಳಿದರು. ಸಣ್ಣೀರ ಮುಖವೆತ್ತದೆ ಹೇಳಿದನು. "ಅವಳು ಕೇಳ್ತಾನೇ ಇದ್ಲು ಸ್ವಾಮಿ. ನಂಗೆ ಏನ್ ಅನ್ಬೇಕು ಅಂತ ಗೊತ್ತಿರ್ಲಿಲ್ಲ. ಹಳ್ಳದ್ ನೀರು ಬೊಗಸೇಲಿ ತಂದು ತಲೆ ಮೇಲೆ ಬುಟ್ಟೆ. ಅಪ್ಪಾ, ಇವಳು ನಿನ್ನನ್ನೇ ಕೇಳ್ತಾವಳೆ, ಕರ್ಕೋ ಅಂದೆ. ಅದು ತಪ್ಪಾಗಿದ್ರೆ ನಂಗಿರ್ಲಿ, ಅವಳಿಗೆ ಬೇಡ."

ಗುರುಗಳ ಗಡ್ಡ ಒದ್ದೆಯಾಗಿತ್ತು ಎಂದು ಹತ್ತಿರವಿದ್ದವರು ಆಮೇಲೆ ಹೇಳುತ್ತಿದ್ದರಂತೆ. ಕೊನೆಗೆ ಎದ್ದು ಎಲ್ಲರಿಗೂ ಕೇಳುವಂತೆ ನುಡಿದರು. "ಈ ಹೆಂಗಸು ದೇವರನ್ನು ಬಯಸಿದಳು. ದೇವರು ಅವಳನ್ನು ಅದಕ್ಕೂ ಮೊದಲೇ ಬಯಸಿದ್ದನು. ನಾವು ದಾಟಲಿಲ್ಲ, ಆತ ದಾಟಿದನು. ಇವಳನ್ನು ಯಾರೂ ಮುಟ್ಟಕೂಡದು." ಆಮೇಲೆ ಸಣ್ಣೀರನನ್ನು ಎಬ್ಬಿಸಿ, ಬಾ, ನಿನಗೂ ಸ್ನಾನವಾಗಲಿ ಎಂದರು. ಇವತ್ತೂ ಆ ಮಾತು ಬರುವುದಿಲ್ಲವೆಂದು ಸಣ್ಣೀರ ಹಿಂಜರಿದನು. ಬರುವಷ್ಟು ಹೇಳು, ಉಳಿದದ್ದಕ್ಕೆ ಆತ ಕಾಯುತ್ತಾನೆ ಎಂದು ಗುರುಗಳು ಅವನ ತಲೆಯ ಮೇಲೆ ನೀರು ಹೊಯ್ದರು. ಬಾಯಿಪಾಠದ ಕಟ್ಟಳೆ ಆ ದಿನಕ್ಕೇ ಮುಗಿಯಿತು. ಆ ಬೇಸಿಗೆಯೊಳಗೆ ಇನ್ನಾಸಪ್ಪ ನಲವತ್ತು ಮನೆಗಳಿಗೂ ಹೋಗಿ, ಸಾಯುವವರಿಗೆ ನೀರು ಹೊಯ್ಯುವ ಕ್ರಮವನ್ನು ಕಲಿಸಿದನು.

ಅಲ್ಲಿಯವರೆಗೆ ಅದನ್ನು ಸುಣ್ಣದ ಹಳ್ಳ ಎನ್ನುತ್ತಿದ್ದರು. ದಾರಿ ಕೇಳಿದವರಿಗೆಲ್ಲ ಇನ್ನಾಸಪ್ಪ, ನಾನು ದಾಟದ ಹಳ್ಳ ಸಿಗುತ್ತದೆ, ಅಲ್ಲಿಂದ ಎಡಕ್ಕೆ ಹೋಗಿ ಎಂದು ಹೇಳತೊಡಗಿದನು. ಉಪದೇಶಿಗಳೇ ಸಾಕು ಬಿಡಿ ಎಂದು ಜನ ಬೇಡಿಕೊಂಡರೂ ಬಿಡಲಿಲ್ಲ. ಭಾನುವಾರಗಳಂದು ಜಪ ಹೇಳಿಸುವಾಗ ಆ ಸಾಲು ಬಂದರೆ ಸಣ್ಣೀರನ ದನಿ ನಿಲ್ಲುತ್ತಿತ್ತು. ಅವನನ್ನು ಬಿಟ್ಟು ಮುಂದೆ ಹೋಗಲು ಯಾರಿಗೂ ಮನಸ್ಸು ಬಾರದೆ ಸಭೆಯೆಲ್ಲ ಅಲ್ಲೇ ನಿಲ್ಲುತ್ತಿತ್ತು. ಆ ಮೌನದಲ್ಲಿ ಇನ್ನಾಸಪ್ಪ ಎಲ್ಲರ ಮುಂದೆ ನಿಂತಿರಬೇಕಾಗುತ್ತಿತ್ತು. ಹನ್ನೊಂದು ವರ್ಷ, ಒಂದು ಭಾನುವಾರವೂ ತಪ್ಪಿಸಿಕೊಳ್ಳದೆ ಹಾಗೆ ನಿಂತನು. ಸಣ್ಣೀರನಿಗೆ ಹಟವಿರಲಿಲ್ಲ. ಪ್ರತಿ ಸಲವೂ ಬಾಯಿ ತೆರೆದು ನೋಡುತ್ತಿದ್ದನು, ಬರುತ್ತಿರಲಿಲ್ಲ.

ಹನ್ನೆರಡನೆಯ ವರ್ಷ ಇನ್ನಾಸಪ್ಪ ಜ್ವರದಿಂದ ಹಾಸಿಗೆ ಹಿಡಿದನು. ಸಣ್ಣೀರನಿಗೆ ಯಾರೂ ಹೇಳಿಕಳಿಸಲಿಲ್ಲ. ಒಂದು ಸಂಜೆ ತಾನೇ ಬಂದು, ಸುಣ್ಣ ತಿಂದ ಬೆರಳುಗಳಿಂದ ರೋಗಿಯ ಕೈ ಹಿಡಿದು ನೆಲದ ಮೇಲೆ ಕೂತು, ಪರಲೋಕ ಮಂತ್ರ ಶುರುಮಾಡಿದನು. ಇನ್ನಾಸಪ್ಪ ಜೊತೆಗೂಡಿದನು. ಆ ಸಾಲಿನಲ್ಲಿ ರೂಢಿಯಂತೆ ಇನ್ನಾಸಪ್ಪ ನಿಂತನು. ಸಣ್ಣೀರ ನಿಲ್ಲಲಿಲ್ಲ. "ನಾವು ಕ್ಷಮಿಸುವಂತೆ" ಎಂದು ಹೇಳಿ, ಕೊನೆಯವರೆಗೂ ಹೇಳಿ ಮುಗಿಸಿದನು. ಮನೆಯವರೆಲ್ಲ ಅಳುತ್ತಿದ್ದರು. "ಇನ್ನೊಂದು ಸಲ ಹೇಳಪ್ಪಾ" ಎಂದು ಇನ್ನಾಸಪ್ಪ ಕೇಳಿದನು. ಸಣ್ಣೀರ ಮತ್ತೊಮ್ಮೆ ಹೇಳಿದನು. ಅವನನ್ನು ಇನ್ನಾಸಪ್ಪ ಅಪ್ಪಾ ಎಂದದ್ದು ಅದೇ ಮೊದಲಂತೆ.

ಇಬ್ಬರೂ ಹೋಗಿ ಎಷ್ಟೋ ತಲೆಮಾರುಗಳು ಕಳೆದಿವೆ. ಹಳೆಯ ದೇವಾಲಯ ಬಿದ್ದು ಹೊಸದು ಎದ್ದಿದೆ, ಮೈಕು ಬಂದಿದೆ. ಆದರೂ ಭಾನುವಾರ ಕಗ್ಗಲಪಾಳ್ಯದ ಪೂಜೆಗೆ ಹೋದವರಿಗೆ ಒಂದು ಸಂಗತಿ ಕಾಣುತ್ತದೆ. ಪರಲೋಕ ಮಂತ್ರ ಹೇಳುತ್ತಿರುವ ಇಡೀ ಸಭೆ "ನಮಗೆ ತಪ್ಪು ಮಾಡಿದವರನ್ನು" ಎಂಬಲ್ಲಿಗೆ ಬಂದು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತದೆ. ಈ ರೂಢಿಯನ್ನು ಅರಿಯದ ಪರ ಊರಿನವರು ಸರಾಗವಾಗಿ ಮುಂದೆ ಹೇಳಿಬಿಡುತ್ತಾರೆ. ಆ ಮೌನದಲ್ಲಿ ಅವರ ಒಂಟಿ ದನಿ, ಕ್ಷಮಿಸಿದ್ದೇವೆಂದು ಅಷ್ಟು ಸಲೀಸಾಗಿ ಹೇಳುವ ದನಿ, ಗೋಡೆಗೆ ತಾಗಿ ಅವರ ಕಿವಿಗೇ ಮರಳುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಬಂದವರು ಬಾಯಿ ಮುಚ್ಚಿ ತಲೆತಗ್ಗಿಸಿ, ಮಿಕ್ಕವರಿಗಾಗಿ ಕಾಯುತ್ತಾರೆ.